ಗಾಳಿ ಬಂದಾಗ ತೂರಿಕೋ, ಬಿಸಿಲು ಬಂದಾಗ ಚಾರ್ಜ್ ಮಾಡಿಕೋ

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆಗ ಹಾಸನ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಪ್ರವಾಸಿಗರು ಹೆಚ್ಚುತ್ತಾರೆ, ವ್ಯಾಪಾರ ಕುದುರುತ್ತದೆ. ಈಗ ದೇವಸ್ಥಾನದ ಹತ್ತಿರ ನಿಲ್ಲುವ ಕಾರುಗಳ ನಡುವೆ ಹಸಿರು ನಂಬರ್ ಪ್ಲೇಟಿನವು ಅಲ್ಲಲ್ಲಿ ಕಾಣುತ್ತವೆ. ಅರಸೀಕೆರೆಯ ಬೀದಿಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹೊಸತೇನಲ್ಲ. ಎಲೆಕ್ಟ್ರಿಕ್ ವಾಹನ ನಮ್ಮೂರಿಗೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ಮುಗಿದಿದೆ. ಉಳಿದಿರುವ ಪ್ರಶ್ನೆ ಬೇರೆ. ಅವು ಎಲ್ಲಿ ಚಾರ್ಜ್ ಆಗಬೇಕು, ಯಾವ ಹೊತ್ತಿನಲ್ಲಿ ಆಗಬೇಕು, ಅದರ ಲಾಭ ಯಾರ ಕೈಗೆ ಸೇರಬೇಕು?

ನಾನು ಅರಸೀಕೆರೆಯವಳು. ಬಿಇ ಮೂರನೇ ವರ್ಷ, ಎಲೆಕ್ಟ್ರಿಕಲ್ ವಿಭಾಗ. ತರಗತಿಯಲ್ಲಿ ಲೋಡ್, ಟ್ರಾನ್ಸ್‌ಫಾರ್ಮರ್, ಸೌರಫಲಕ ಎಂದು ಓದುವುದನ್ನೆಲ್ಲ ನಮ್ಮದೇ ತಾಲ್ಲೂಕುಗಳ ಮೇಲೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಯಿತು. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ವಾಹನಗಳು ಹೆಚ್ಚು ಹೊತ್ತು ಸುಮ್ಮನೆ ನಿಲ್ಲುವುದು ಹಗಲಲ್ಲಿ, ಅಂದರೆ ಬಿಸಿಲಿರುವಾಗಲೇ. ಈ ಹೊಂದಾಣಿಕೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಇಲ್ಲ. ಇದನ್ನು ಬಳಸಿಕೊಂಡು ಯೋಜನೆ ಮಾಡಿದರೆ ಚಾರ್ಜಿಂಗ್ ನಮ್ಮ ಹೋಟೆಲು, ಲಾಡ್ಜು, ಮಂಡಿಗಳ ವ್ಯಾಪಾರವಾಗುತ್ತದೆ. ಇಲ್ಲದಿದ್ದರೆ ಹೆದ್ದಾರಿ ಬದಿಯ ಯಾವುದೋ ದೊಡ್ಡ ಕಂಪನಿಯ ವ್ಯಾಪಾರವಾಗುತ್ತದೆ. ಬೀದಿಯ ಟಿ.ಸಿ. ಸುಟ್ಟಾಗ ಕತ್ತಲೆಯಲ್ಲಿ ಕೂರುವ ಸರದಿ ಮಾತ್ರ ನಮ್ಮದಾಗುತ್ತದೆ.

ನಗರಕ್ಕೆ ಸಾವಿರಾರು, ಉಳಿದವರಿಗೆ ಬೆರಳೆಣಿಕೆ

ದೇಶದಲ್ಲಿ ಮೊದಲಿಗೆ ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಅದು 2017ರಲ್ಲಿ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲೂ ನಾವು ಮುಂದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2024ರ ಆರಂಭದಲ್ಲಿ ಕೊಟ್ಟ ಲೆಕ್ಕದ ಪ್ರಕಾರ ರಾಜ್ಯದಲ್ಲಿ ಇದ್ದ ಕೇಂದ್ರಗಳು 5,059. ಕೇಳಲು ಹೆಮ್ಮೆ. ಆದರೆ ಅದರಲ್ಲಿ 4,281 ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಉಳಿದ 30 ಜಿಲ್ಲೆಗಳಿಗೆ ಸಿಕ್ಕಿದ್ದು 778. ಸರಾಸರಿ ತೆಗೆದರೆ ಜಿಲ್ಲೆಗೆ 26. ಆಮೇಲೆ ಸಂಖ್ಯೆ ಏರಿದೆ, ಆದರೆ ಚಿತ್ರ ತಲೆಕೆಳಗಾಗಿಲ್ಲ.

ಇನ್ನೊಂದೆಡೆ ರಸ್ತೆಗಳು ಕಾಯುತ್ತಿಲ್ಲ. ಕೆಎಸ್‌ಆರ್‌ಟಿಸಿ 2023ರಲ್ಲಿ 'ಇವಿ ಪವರ್ ಪ್ಲಸ್' ಎಲೆಕ್ಟ್ರಿಕ್ ಬಸ್ಸುಗಳನ್ನು ಬೆಂಗಳೂರಿನಿಂದ ಮೈಸೂರು, ಚಿಕ್ಕಮಗಳೂರು, ಶಿವಮೊಗ್ಗದಂಥ ಊರುಗಳಿಗೆ ಓಡಿಸಲು ಶುರು ಮಾಡಿತು. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ 'ಪಿಎಂ ಇ-ಡ್ರೈವ್' ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿಯನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆಂದೇ ಇಡಲಾಗಿದೆ. ಚಾರ್ಜಿಂಗ್ ಕೇಂದ್ರ ತೆರೆಯಲು ವಿದ್ಯುತ್ ಮಾರಾಟದ ಲೈಸೆನ್ಸ್ ಬೇಕಿಲ್ಲ, ಅದು ಸೇವೆಯಷ್ಟೇ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಅಂದರೆ ಬೇಲೂರಿನ ಒಬ್ಬ ಹೋಟೆಲ್ ಮಾಲೀಕರೂ, ಹಳೇಬೀಡಿನ ಒಂದು ಹೋಂಸ್ಟೇಯವರೂ ಚಾರ್ಜಿಂಗ್ ಸೇವೆ ಕೊಡಬಹುದು. ಕಾನೂನು ಅಡ್ಡ ಬರುವುದಿಲ್ಲ. ಕೊರತೆ ಇರುವುದು ಲೆಕ್ಕಾಚಾರದಲ್ಲಿ.

ಹಗಲು ಹೊಳೆ, ಸಂಜೆ ಬರ

ರಾಜ್ಯದ ವಿದ್ಯುತ್ ಕಥೆ ಈಗ ಎರಡು ಭಾಗವಾಗಿದೆ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಇಂಥವುಗಳಿಂದಾಗಿ ಬಿಸಿಲಿರುವ ಹೊತ್ತಿನಲ್ಲಿ ರಾಜ್ಯದ ಜಾಲಕ್ಕೆ ಸೌರ ವಿದ್ಯುತ್ ಧಾರಾಳವಾಗಿ ಬರುತ್ತದೆ. ಸೂರ್ಯ ಮುಳುಗಿದ ಕೂಡಲೇ ಅದು ನಿಲ್ಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ, ಗೀಸರ್ ಶುರುವಾಗುತ್ತವೆ.

ಸಂಜೆಯ ಈ ಬೇಡಿಕೆಯನ್ನು ಪೂರೈಸಲು ಬಹುಕಾಲದಿಂದ ನಮಗೆ ಆಸರೆಯಾಗಿದ್ದುದು ಶರಾವತಿಯಂಥ ಜಲವಿದ್ಯುತ್ ಮತ್ತು ಕಲ್ಲಿದ್ದಲು. ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಕಂಡಿದ್ದೇವೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ಆದೇಶಿಸಬೇಕಾಯಿತು. ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟ್ ಸಾಲದೆ ರೈತರು ವಿದ್ಯುತ್ ಕಚೇರಿಗಳ ಮುಂದೆ ಕೂತರು.

ಹಗಲಿನ ವಿದ್ಯುತ್ತನ್ನು ಸಂಜೆಗೆ ಉಳಿಸಿಡುವ ದಾರಿ ಇಲ್ಲವೆಂದಲ್ಲ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಉದ್ದೇಶವೇ ಅದು. ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತುವುದು, ಬೇಕಾದಾಗ ಕೆಳಕ್ಕೆ ಬಿಡುವುದು. ಆದರೆ ಕಾಡಿನ ಮೇಲೆ ಆಗುವ ಪರಿಣಾಮದ ಕಾರಣಕ್ಕೆ ಮಲೆನಾಡಿನಲ್ಲಿ ಅದಕ್ಕೆ ದೊಡ್ಡ ವಿರೋಧವಿದೆ. ಉಳಿಸಿಡುವ ಪ್ರತಿ ಯೂನಿಟ್ಟಿಗೂ ಹಣದ ಬೆಲೆ ಇದೆ, ಕೆಲವೊಮ್ಮೆ ಕಾಡಿನ ಬೆಲೆಯೂ ಇದೆ. ಹೀಗಿರುವಾಗ ಹಗಲಿನ ವಿದ್ಯುತ್ತನ್ನು ಹಗಲೇ ಬಳಸುವುದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ವಾಹನದ ಬ್ಯಾಟರಿ ಎಂದರೆ ನಾವಾಗಲೇ ಕೊಂಡು ರಸ್ತೆಗಿಳಿಸಿರುವ ಒಂದು ಉಗ್ರಾಣ. ಅದನ್ನು ತುಂಬಿಸುವ ಹೊತ್ತನ್ನು ಸರಿಯಾಗಿ ಆರಿಸಿಕೊಂಡರೆ ಸಾಕು.

ಇದು ನನ್ನ ಊಹೆಯಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳ ವಿದ್ಯುತ್ ಜಾಲವನ್ನು ಅಧ್ಯಯನ ಮಾಡಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 'ನೇಚರ್ ಎನರ್ಜಿ' ಪತ್ರಿಕೆಯಲ್ಲಿ ಇದೇ ಮಾತು ಹೇಳಿದ್ದಾರೆ. ಜನ ಮನೆಯಲ್ಲಿ ರಾತ್ರಿ ಚಾರ್ಜ್ ಮಾಡುವ ರೂಢಿಯಿಂದ ಕೆಲಸದ ಜಾಗದಲ್ಲಿ ಹಗಲು ಚಾರ್ಜ್ ಮಾಡುವ ರೂಢಿಗೆ ಬಂದರೆ, ಹೊಸ ವಿದ್ಯುತ್ ಘಟಕ ಮತ್ತು ಸಂಗ್ರಹಣೆಯ ಅಗತ್ಯ ಕಡಿಮೆಯಾಗುತ್ತದೆ ಎಂಬುದು ಅವರ ತೀರ್ಮಾನದ ಸಾರ.

ಮೂರು ಊರು, ಮೂರು ಗಡಿಯಾರ

ಅರಸೀಕೆರೆ ರೈಲ್ವೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮಂಗಳೂರಿನ ಕಡೆಗೆ ಕವಲು ಒಡೆಯುವುದು ಇಲ್ಲೇ. ಬೆಳಿಗ್ಗೆ ಬೈಕು, ಸ್ಕೂಟರ್ ತಂದು ನಿಲ್ದಾಣದ ಬಳಿ ನಿಲ್ಲಿಸಿ ಹಾಸನ, ತಿಪಟೂರು, ತುಮಕೂರು, ಬೆಂಗಳೂರಿಗೆ ರೈಲು ಹತ್ತುವವರು ಬಹಳ. ಆ ವಾಹನಗಳು ಸಂಜೆಯವರೆಗೆ ಅಲ್ಲೇ ಬಿಸಿಲು ಕಾಯುತ್ತವೆ. ಒಂದು ಸ್ಕೂಟರ್ ಬ್ಯಾಟರಿ ಸಾಮಾನ್ಯವಾಗಿ 3–4 ಯೂನಿಟ್‌ನದು. ಎಂಟು ಗಂಟೆ ನಿಲ್ಲುವ ಗಾಡಿಗೆ ಫಾಸ್ಟ್ ಚಾರ್ಜರ್ ಏಕೆ? ಒಂದು ಗಟ್ಟಿಮುಟ್ಟಾದ 15 ಆಂಪಿಯರ್ ಸಾಕೆಟ್, ಒಂದು ಮೀಟರ್ ಸಾಕು. ನಮ್ಮ ಭಾಗದಲ್ಲಿ ಒಂದು ಕಿಲೋವಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಪಾರ್ಕಿಂಗ್ ಚಾವಣಿಯ ಮೇಲೆ 10 ಕಿಲೋವಾಟ್ ಹಾಕಿದರೆ 40 ಯೂನಿಟ್. ತಲಾ 2 ಯೂನಿಟ್‌ನಂತೆ 20 ಸ್ಕೂಟರ್‌ಗಳಿಗೆ ಆಯಿತು. 2 ಯೂನಿಟ್ ಎಂದರೆ ಸ್ಕೂಟರ್ ಸರಾಗವಾಗಿ 50 ಕಿಲೋಮೀಟರ್ ಓಡುತ್ತದೆ. ಬಾಣಾವರ, ಗಂಡಸಿ ಕಡೆಯಿಂದ ಬರುವವರಿಗೆ ಹೋಗಿಬರಲು ಇದು ಬೇಕಾದಷ್ಟು.

ಅರಸೀಕೆರೆಯ ಇನ್ನೊಂದು ಉಸಿರು ತೆಂಗು. ಕೊಬ್ಬರಿ ಮಂಡಿಗೆ, ನಾರಿನ ಘಟಕಗಳಿಗೆ ಹಳ್ಳಿಗಳಿಂದ ಗೂಡ್ಸ್ ಆಟೊಗಳು ಬೆಳಿಗ್ಗೆ ಬಂದು, ತೂಕ, ವ್ಯವಹಾರ ಮುಗಿಯುವವರೆಗೆ ಕಾಯುತ್ತವೆ. ಎಲೆಕ್ಟ್ರಿಕ್ ಗೂಡ್ಸ್ ಆಟೊದ ಬ್ಯಾಟರಿ ಹೆಚ್ಚಾಗಿ 7ರಿಂದ 11 ಯೂನಿಟ್‌ನದು. ಮೂರು ಗಂಟೆ ಸಾಧಾರಣ ಚಾರ್ಜರ್‌ಗೆ ಹಾಕಿದರೂ ಊರಿಗೆ ಮರಳುವಷ್ಟು ತುಂಬುತ್ತದೆ. ಮಂಡಿ, ಗೋದಾಮುಗಳ ಮೇಲೆ ಅಗಲವಾದ ಶೀಟಿನ ಚಾವಣಿ ಸುಮ್ಮನೆ ಕಾಯುತ್ತಿದೆ. ಒಂದು ಕಿಲೋವಾಟ್ ಫಲಕಕ್ಕೆ ಸುಮಾರು 100 ಚದರಡಿ ಜಾಗ ಬೇಕು. ಆ ಜಾಗ ಹುಡುಕಲು ಇಲ್ಲಿ ಹೊಲ ಕೊಳ್ಳಬೇಕಾಗಿಲ್ಲ, ತಲೆ ಎತ್ತಿ ನೋಡಿದರೆ ಸಾಕು.

ಬೇಲೂರು, ಹಳೇಬೀಡಿನ ಗಡಿಯಾರವೇ ಬೇರೆ. ಬೆಂಗಳೂರಿನಿಂದ ಬೇಲೂರಿಗೆ ಸುಮಾರು 220 ಕಿಲೋಮೀಟರ್. ಬೆಳಿಗ್ಗೆ ಹೊರಟ ಕಾರು ಹನ್ನೊಂದರ ಸುಮಾರಿಗೆ ತಲುಪುತ್ತದೆ. ಚೆನ್ನಕೇಶವನ ಗುಡಿಯ ಸುತ್ತ ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ, ಆಮೇಲೆ 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಮತ್ತೆ ಒಂದೂವರೆ ಗಂಟೆ. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿರುವ ಕಾರು, ಬಿಸಿಲು ನೆತ್ತಿಯ ಮೇಲಿರುವ ಹೊತ್ತಿನಲ್ಲಿ, ಎರಡೂವರೆ ಗಂಟೆ ಒಂದೇ ಕಡೆ ನಿಲ್ಲುತ್ತದೆ. ಚಾರ್ಜಿಂಗ್ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗುತ್ತಾನೆ?

ದೊಡ್ಡದೊಂದೋ, ಚಿಕ್ಕವು ಮೂರೋ?

ನಮ್ಮ ಸೋದರಮಾವ ಬೇಲೂರಿನಲ್ಲಿ ಊಟ, ವಸತಿ ಎರಡೂ ಇರುವ ಒಂದು ಚಿಕ್ಕ ಹೋಟೆಲ್ ನಡೆಸುತ್ತಾರೆ. ಎಂಟು ಕಾರು ನಿಲ್ಲುವಷ್ಟು ಜಾಗವಿದೆ. ಕಳೆದ ರಜೆಯಲ್ಲಿ ಅವರು ಕೇಳಿದರು, "ಅಲ್ಲ ಕಣಮ್ಮ, ಯಾರೋ ಒಬ್ಬರು ಬಂದು 60 ಕಿಲೋವಾಟಿನ ಫಾಸ್ಟ್ ಚಾರ್ಜರ್ ಹಾಕಿಸಿ ಅಂತಿದಾರೆ. ನೀನು ಅದನ್ನೇ ಓದ್ತಿದೀಯಲ್ಲ, ಹಾಕಿಸಲಾ, ಬೇಡವಾ?"

ನಾನು ಮೊದಲು ಕೇಳಿದ್ದು, "ಮಾವ, ನಿಮ್ಮ ಬೀದಿಯ ಟಿ.ಸಿ. ಎಷ್ಟರದ್ದು?" ಹೋಗಿ ನೋಡಿದರೆ 63 ಕೆವಿಎ. ಅಕ್ಕಪಕ್ಕದ ಅಂಗಡಿ, ಮನೆಗಳೆಲ್ಲ ಅದರ ಮೇಲೇ ಇವೆ. 60 ಕಿಲೋವಾಟ್ ಚಾರ್ಜರ್ ಪೂರ್ತಿ ಓಡಿದರೆ ಆ ಟಿ.ಸಿ.ಯ ಶಕ್ತಿಯೆಲ್ಲ ಒಂದೇ ಕಾರಿಗೆ ಹೋದಂತೆ. ಹಾಗಾಗಿ ದೊಡ್ಡ ಚಾರ್ಜರ್ ಎಂದರೆ ಹೊಸ ಟಿ.ಸಿ., ಹೊಸ ಕೇಬಲ್, ಅದಕ್ಕೆ ಜಾಗ, ಲಕ್ಷಗಳ ಲೆಕ್ಕದ ಖರ್ಚು. ಅದೂ ಇಪ್ಪತ್ತು–ಮೂವತ್ತು ನಿಮಿಷದಲ್ಲಿ ಗಿರಾಕಿಯನ್ನು ಕಳುಹಿಸಿಬಿಡುವ ಯಂತ್ರಕ್ಕೆ! ಹೋಟೆಲಿನವರಿಗೆ ಬೇಕಾಗಿರುವುದು ಗಿರಾಕಿ ಕೂತು ಉಣ್ಣುವುದು.

ಇನ್ನೊಂದು ದಾರಿ ನೋಡೋಣ. 7.4 ಕಿಲೋವಾಟಿನ ಎಸಿ ಚಾರ್ಜರ್ ಮೂರು. ಒಟ್ಟು ಸುಮಾರು 22 ಕಿಲೋವಾಟ್. ಚಾವಣಿಯ ಮೇಲೆ 1,500 ಚದರಡಿಯಲ್ಲಿ 15 ಕಿಲೋವಾಟ್ ಸೌರಫಲಕ. ಒಳ್ಳೆಯ ಬಿಸಿಲಿನ ಮಧ್ಯಾಹ್ನ ಫಲಕ 12 ಕಿಲೋವಾಟ್ ಕೊಟ್ಟರೂ, ಮೂರು ಚಾರ್ಜರ್ ಒಟ್ಟಿಗೆ ಓಡುವಾಗ ಟಿ.ಸಿ. ಮೇಲೆ ಬೀಳುವ ಹೊಸ ಹೊರೆ 10 ಕಿಲೋವಾಟ್ ಮಾತ್ರ. ಎರಡು ಗಂಟೆ ನಿಂತ ಕಾರಿಗೆ 14 ಯೂನಿಟ್‌ಗೂ ಸ್ವಲ್ಪ ಹೆಚ್ಚು ಸಿಗುತ್ತದೆ. ಯೂನಿಟ್‌ಗೆ 6 ಕಿಲೋಮೀಟರ್ ಹಿಡಿದರೆ 85 ಕಿಲೋಮೀಟರ್ ದಾಟಿತು. ಚಿಕ್ಕಮಗಳೂರಿಗೆ ಹೋಗಿ ಬರಬಹುದು. ದಿನಕ್ಕೆ ನಾಲ್ಕೈದು ಕಾರು ಬಂದರೆ 60ರಿಂದ 70 ಯೂನಿಟ್. ಫಲಕದ ಸರಾಸರಿ ಉತ್ಪಾದನೆಯೂ ಹತ್ತಿರ ಹತ್ತಿರ ಅಷ್ಟೇ. ಯಾರೂ ಬರದ ದಿನ ಹೋಟೆಲಿನ ಫ್ರಿಜ್, ಗ್ರೈಂಡರ್ ಅದನ್ನು ತಿನ್ನುತ್ತವೆ, ಮಿಕ್ಕಿದ್ದು ನೆಟ್ ಮೀಟರಿಂಗ್ ಮೂಲಕ ಜಾಲಕ್ಕೆ ಹೋಗುತ್ತದೆ. ಚಾರ್ಜರಿನ ಬೆಲೆಯೂ ಸಾವಿರಗಳ ಲೆಕ್ಕದಲ್ಲೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಇವಿ ಚಾರ್ಜಿಂಗ್‌ಗೆ ಬೇರೆಯೇ ದರ ವರ್ಗವಿದೆ, ಅದಕ್ಕೆ ಪ್ರತ್ಯೇಕ ಮೀಟರ್ ಬೇಕು. ಸೌರಫಲಕವನ್ನು ಯಾವ ಮೀಟರ್‌ಗೆ ಜೋಡಿಸುತ್ತೇವೋ ಆ ಮೀಟರಿನ ಬಿಲ್ ಮಾತ್ರ ಇಳಿಯುತ್ತದೆ. ಹೋಟೆಲಿನ ವಾಣಿಜ್ಯ ದರ ಜಾಸ್ತಿ ಇದ್ದರೆ ಫಲಕವನ್ನು ಅದಕ್ಕೇ ಜೋಡಿಸಿ, ಚಾರ್ಜರಿಗೆ ಇವಿ ದರದ ಅಗ್ಗದ ಕರೆಂಟ್ ತೆಗೆದುಕೊಳ್ಳುವುದು ಜಾಣತನ. ಹೇಗೆ ಜೋಡಿಸಿದರೂ ಫಲಕ, ಚಾರ್ಜರ್ ಎರಡೂ ಒಂದೇ ಟಿ.ಸಿ. ಕೆಳಗಿರುವುದರಿಂದ ಬೀದಿಗೆ ಆಗುವ ಉಪಕಾರ ಅದೇ. ಮಾವನಿಗೆ ಈ ಲೆಕ್ಕ ಬರೆದುಕೊಟ್ಟೆ. ಸದ್ಯಕ್ಕೆ ಒಂದೇ ಚಾರ್ಜರ್ ಹಾಕಿ, ಮೂರಕ್ಕೆ ಆಗುವಷ್ಟು ಪೈಪು ಈಗಲೇ ಹೂಳುವ ಯೋಚನೆಯಲ್ಲಿದ್ದಾರೆ.

ದರವೂ ಬಿಸಿಲಿನ ಕಡೆಗೇ

ಸರ್ಕಾರದ ನಿಯಮಗಳು ಕೂಡ ನಿಧಾನವಾಗಿ ಇದೇ ದಿಕ್ಕಿಗೆ ತಿರುಗುತ್ತಿವೆ. 2023ರ ಜೂನ್‌ನಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಹೊತ್ತಿಗೆ ತಕ್ಕ ದರ ಇರಬೇಕು, ಬಿಸಿಲಿನ ಹೊತ್ತಿನಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು ಎಂದವು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಇವಿ ಚಾರ್ಜಿಂಗ್ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ಕೇಂದ್ರಗಳಿಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ದರ ಎಂಬುದು ಅದರ ಸೂತ್ರ. ಲೆಕ್ಕಕ್ಕೆ ಸರಾಸರಿ ವೆಚ್ಚ 7 ರೂಪಾಯಿ ಎಂದಿಟ್ಟುಕೊಳ್ಳಿ. ಹಗಲಲ್ಲಿ 4.90, ಉಳಿದ ಹೊತ್ತು 9.10. ಒಂದು ಕಾರಿಗೆ 20 ಯೂನಿಟ್ ತುಂಬಿಸಿದರೆ 98 ರೂಪಾಯಿ ಮತ್ತು 182 ರೂಪಾಯಿಯ ವ್ಯತ್ಯಾಸ. ನಮ್ಮ ರಾಜ್ಯದಲ್ಲಿ ದರವನ್ನು ಅಂತಿಮವಾಗಿ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದ್ದರಿಂದ ಚಾರ್ಜರ್ ಹಾಕಿಸುವ ಮುನ್ನ ಆಯೋಗದ ಆ ವರ್ಷದ ದರಪಟ್ಟಿ ಓದಲೇಬೇಕು.

ಸಂಪರ್ಕ ಕೊಡುವುದಕ್ಕೂ ಗಡುವು ಇದೆ. 2024ರ ಫೆಬ್ರುವರಿಯ ತಿದ್ದುಪಡಿಯಂತೆ ಮಹಾನಗರಗಳಲ್ಲಿ 3 ದಿನ, ಉಳಿದ ಪುರಸಭೆ–ನಗರಸಭೆ ಪ್ರದೇಶಗಳಲ್ಲಿ 7 ದಿನ, ಗ್ರಾಮೀಣ ಪ್ರದೇಶದಲ್ಲಿ 15 ದಿನ. ಅಂದರೆ ಅರಸೀಕೆರೆ, ಬೇಲೂರಿಗೆ 7, ಗ್ರಾಮ ಪಂಚಾಯಿತಿಯಾದ ಹಳೇಬೀಡಿಗೆ 15. ಹೊಸ ಲೈನ್ ಎಳೆಯಬೇಕಾದರೆ, ಟಿ.ಸಿ. ಬದಲಿಸಬೇಕಾದರೆ ಮಾತ್ರ ಹೆಚ್ಚು ಸಮಯ. ಚಿಕ್ಕ ಚಾರ್ಜರ್ ಆರಿಸಿಕೊಂಡರೆ ಈ 'ಆದರೆ' ಕೂಡ ಅಡ್ಡ ಬರುವುದಿಲ್ಲ. ಇದೇ ತಿದ್ದುಪಡಿ 10 ಕಿಲೋವಾಟ್‌ವರೆಗಿನ ಚಾವಣಿ ಸೌರ ಘಟಕಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಕಿಲ್ಲ ಎಂದಿದೆ.

ಎದುರು ಮಾತುಗಳೂ ಇವೆ

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಅಂಚು. ಜೂನ್‌ನಿಂದ ಆಗಸ್ಟ್‌ವರೆಗೆ ಬೇಲೂರಿನ ಫಲಕ ಅರಸೀಕೆರೆಯಷ್ಟು ದುಡಿಯುವುದಿಲ್ಲ. ಅದಕ್ಕೇ ಸೌರಶಕ್ತಿಯೊಂದನ್ನೇ ನಂಬಿ, ಜಾಲದ ಸಂಪರ್ಕವಿಲ್ಲದೆ ಚಾರ್ಜಿಂಗ್ ಕೇಂದ್ರ ಕಟ್ಟುವ ಮಾತು ಪೋಸ್ಟರಿಗೆ ಚೆನ್ನ, ವ್ಯಾಪಾರಕ್ಕಲ್ಲ. ಫಲಕ ಮತ್ತು ಜಾಲ ಜೋಡೆತ್ತಿನ ಹಾಗೆ ನಡೆಯಬೇಕು. ಪ್ರವಾಸಿಗರ ದೊಡ್ಡ ಹಂಗಾಮು, ಶಾಲಾ ಪ್ರವಾಸಗಳ ಕಾಲ ಬರುವುದು ಮಳೆ ನಿಂತ ಮೇಲೆ ಎಂಬುದೂ ನೆನಪಿರಲಿ.

ಲಾಡ್ಜಿನಲ್ಲಿ ರಾತ್ರಿ ತಂಗುವವರ ಕಾರು? ಅವರಿಗೆ ಇಲ್ಲ ಎನ್ನಲಾಗದು. ಆದರೆ ಸಂಜೆ ಆರರಿಂದ ಹತ್ತರ ನಡುವೆ ಇಡೀ ಊರು ಕರೆಂಟ್ ಎಳೆಯುವಾಗ ಚಾರ್ಜರ್ ಓಡದಂತೆ ಟೈಮರ್ ಇಟ್ಟು, ಹನ್ನೊಂದರ ನಂತರ ನಿಧಾನವಾಗಿ ತುಂಬಿಸಿದರೆ ಬೆಳಗಿನ ಹೊತ್ತಿಗೆ ಕಾರು ಸಿದ್ಧ. ದರ ಹೆಚ್ಚು ಎಂಬುದನ್ನು ಮೊದಲೇ ಹೇಳಿದರೆ ಕೆಲವರು ಮರುದಿನ ಹಳೇಬೀಡಿನಲ್ಲಿ ಹಗಲೇ ತುಂಬಿಸಿಕೊಳ್ಳುತ್ತಾರೆ.

ಫಾಸ್ಟ್ ಚಾರ್ಜರ್ ಬೇಡವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಬಸ್ಸು, ಟ್ಯಾಕ್ಸಿ, ಆಂಬುಲೆನ್ಸ್, ದೂರ ಹೋಗುವವರಿಗೆ ಅದು ಬೇಕು. ತುಮಕೂರು–ಹೊನ್ನಾವರ ಹೆದ್ದಾರಿ ಅರಸೀಕೆರೆಯ ಮೂಲಕವೇ ಹೋಗುತ್ತದೆ. ಅಲ್ಲಿ ಪ್ರತ್ಯೇಕ ಟಿ.ಸಿ. ಹಾಕಿ, ಜೊತೆಗೆ ಒಂದಿಷ್ಟು ಬ್ಯಾಟರಿ ಸಂಗ್ರಹಣೆಯನ್ನೂ ಇಟ್ಟು ಒಂದೆರಡು ಕಡೆ ಮಾಡಲಿ. ವಾಹನಗಳಲ್ಲಿ ಬಳಸಿ ತೆಗೆದ ಹಳೆಯ ಬ್ಯಾಟರಿಗಳನ್ನೇ ಸೌರಫಲಕದ ಜೊತೆ ಸೇರಿಸಿ ಬೆಂಗಳೂರು ವಿಮಾನ ನಿಲ್ದಾಣದ ಸಮೀಪ ಬೆಸ್ಕಾಂ ಚಾರ್ಜಿಂಗ್ ಕೇಂದ್ರ ಮಾಡಿದೆ. ಅದನ್ನು ಹೆದ್ದಾರಿಗೂ ತರಬಹುದು. ಆದರೆ ಊರೊಳಗಿನ ಪ್ರತಿ ಬೀದಿಗೂ ಅದೇ ಮದ್ದಲ್ಲ.

ಬೇಲೂರು, ಹಳೇಬೀಡಿಗೆ ಮಾತ್ರ ಇರುವ ಇನ್ನೊಂದು ಗಡಿ ಪುರಾತತ್ವ ಕಾನೂನಿನದು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ ವಲಯ, ಅನುಮತಿ ಬೇಕು. ಆದ್ದರಿಂದ ಗುಡಿಯ ಬಾಗಿಲಲ್ಲೇ ಸೌರ ಚಾವಣಿ ಕಟ್ಟುವ ಕನಸು ಕಾಣುವಂತಿಲ್ಲ, ಕಾಣಲೂಬಾರದು. ಒಂದು ರೀತಿಯಲ್ಲಿ ಇದು ಒಳ್ಳೆಯದೇ. ಚಾರ್ಜಿಂಗ್ ಜಾಗ ಬಸ್ ನಿಲ್ದಾಣದ ಕಡೆ, ಊರಿನ ಹೋಟೆಲುಗಳ ಕಡೆ ಸರಿದರೆ ಪ್ರವಾಸಿಗರು ಊರೊಳಗೆ ನಾಲ್ಕು ಹೆಜ್ಜೆ ನಡೆಯುತ್ತಾರೆ, ನಾಲ್ಕು ಅಂಗಡಿ ನೋಡುತ್ತಾರೆ.

ಯಾರು ಏನು ಮಾಡಬಹುದು

ಒಬ್ಬೊಬ್ಬರೇ ಅರ್ಜಿ ಹಾಕಿ, ಒಬ್ಬೊಬ್ಬರೇ ಚಾರ್ಜರ್ ಹಾಕಿಸಿದರೆ ಮೊದಲು ಬಂದವರಿಗೆ ಟಿ.ಸಿ.ಯ ಉಳಿಕೆ ಶಕ್ತಿಯೆಲ್ಲ ಸಿಕ್ಕಿ, ಐದನೆಯವರಿಗೆ ಹೊಸ ಟಿ.ಸಿ.ಯ ಖರ್ಚು ತಲೆಗೆ ಬರುತ್ತದೆ. ಇದನ್ನು ತಪ್ಪಿಸಲು ಮೊದಲು ಬೇಕಾದದ್ದು ಮಾಹಿತಿ. ನಮ್ಮ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಪಟ್ಟಣದ ಯಾವ ಟಿ.ಸಿ.ಯ ಮೇಲೆ ಹಗಲು ಎಷ್ಟು, ಸಂಜೆ ಎಷ್ಟು ಹೊರೆ ಇದೆ, ಎಷ್ಟು ಉಳಿದಿದೆ ಎಂಬ ಪಟ್ಟಿಯನ್ನು ಅದು ಬೀದಿವಾರು ಪ್ರಕಟಿಸಿದರೆ ವ್ಯಾಪಾರಿಗಳು ಕಣ್ಣು ಬಿಟ್ಟು ಹೂಡಿಕೆ ಮಾಡಬಹುದು. ಒಂದೇ ಬೀದಿಯ ನಾಲ್ಕು ಹೋಟೆಲಿನವರು ಒಟ್ಟಾಗಿ, ಒಬ್ಬರ ಚಾವಣಿ, ಇನ್ನೊಬ್ಬರ ಪಾರ್ಕಿಂಗ್ ಎಂದು ಹಂಚಿಕೊಂಡು ಯೋಜನೆ ಮಾಡಬಹುದು.

ಅರಸೀಕೆರೆ ನಗರಸಭೆ, ಬೇಲೂರು ಪುರಸಭೆ ಹೊಸ ವಾಣಿಜ್ಯ ಕಟ್ಟಡಕ್ಕೆ ಪರವಾನಗಿ ಕೊಡುವಾಗಲೇ ಪಾರ್ಕಿಂಗ್‌ವರೆಗೆ ಖಾಲಿ ಪೈಪು, ಫಲಕಕ್ಕೆ ತಕ್ಕ ಚಾವಣಿ ಇರಲಿ ಎಂದು ಕೇಳಬಹುದು. ಕಟ್ಟುವಾಗ ಅದಕ್ಕೆ ತಗಲುವುದು ಅಲ್ಪ ಖರ್ಚು, ಕಟ್ಟಿದ ಮೇಲೆ ಒಡೆಯುವುದು ದುಬಾರಿ. ಫ್ರಾನ್ಸ್ 2023ರಲ್ಲಿ 1,500 ಚದರ ಮೀಟರ್‌ಗಿಂತ ದೊಡ್ಡ ಬಯಲು ಪಾರ್ಕಿಂಗ್‌ಗಳ ಮೇಲೆ ಸೌರ ಚಾವಣಿ ಹಾಕಬೇಕೆಂದು ಕಾನೂನನ್ನೇ ಮಾಡಿದೆ. ನಮಗೆ ಅಷ್ಟು ದೊಡ್ಡ ಪಾರ್ಕಿಂಗ್ ಹೆಚ್ಚಿಲ್ಲ. ಆದರೆ ಬಿಸಿಲು ಫ್ರಾನ್ಸಿಗಿಂತ ಹೆಚ್ಚೇ ಇದೆ.

ರೈತರ ಪಾಲನ್ನು ಮರೆಯುವಂತಿಲ್ಲ. ಅರಸೀಕೆರೆಯ ತೆಂಗಿನ ತೋಟಗಳು ಬೋರ್‌ವೆಲ್ ನಂಬಿವೆ. ಬರಗಾಲದ ವರ್ಷ ಸಂಜೆ ಕಾರಿಗೆ ಕರೆಂಟ್ ಇದೆ, ತೋಟಕ್ಕಿಲ್ಲ ಎಂಬ ಸ್ಥಿತಿ ಬಂದರೆ ಎಲೆಕ್ಟ್ರಿಕ್ ವಾಹನವನ್ನು ಜನ ಶ್ರೀಮಂತರ ಆಟಿಕೆ ಎನ್ನುತ್ತಾರೆ. ಹಾಗೆನ್ನುವುದು ತಪ್ಪೂ ಆಗುವುದಿಲ್ಲ. ಚಾರ್ಜರ್ ಹಾಕಿಸುವವರೇ ತಮ್ಮ ಚಾವಣಿಯ ಬಿಸಿಲನ್ನು ಜಾಲಕ್ಕೆ ತರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕೆಲಸ ಇರುವುದು ಇಲ್ಲೇ

ಕೊನೆಯದಾಗಿ ನಮ್ಮ ವಿಷಯ, ಓದುತ್ತಿರುವ ಮತ್ತು ಕೆಲಸ ಹುಡುಕುತ್ತಿರುವ ನಮ್ಮೆಲ್ಲರ ವಿಷಯ. ಕಾರು ತಯಾರಿಸುವ ಕೆಲಸ ಬೆಂಗಳೂರಿಗೋ ಹೊಸೂರಿಗೋ ಹೋಗಬಹುದು. ಆದರೆ ಬೇಲೂರಿನ ಚಾವಣಿಯನ್ನು ಅಳೆದು ಫಲಕ ಕೂರಿಸುವ ಕೆಲಸವನ್ನು ಯಾರೂ ಅಲ್ಲಿ ಕುಳಿತು ಮಾಡಲಾರರು. ಲೋಡ್ ಲೆಕ್ಕ ಹಾಕುವುದು, ಅರ್ಥಿಂಗ್ ಪರೀಕ್ಷಿಸುವುದು, ಕೆಟ್ಟ ಚಾರ್ಜರನ್ನು ಅದೇ ದಿನ ರಿಪೇರಿ ಮಾಡುವುದು, ಹೋಟೆಲಿನವರಿಗೆ ಬಿಲ್ ಅರ್ಥ ಮಾಡಿಸುವುದು, ಇವೆಲ್ಲ ಊರಲ್ಲೇ ಆಗಬೇಕಾದ ಕೆಲಸಗಳು.

ಇದಕ್ಕೆ ದಾರಿಗಳೂ ಇವೆ. ಐಟಿಐ, ಡಿಪ್ಲೊಮಾ ಮಾಡಿದವರಿಗೆ ಸೌರ ಘಟಕ ಅಳವಡಿಸುವುದನ್ನು ಕಲಿಸುವ 'ಸೂರ್ಯಮಿತ್ರ' ತರಬೇತಿಯನ್ನು ಕೇಂದ್ರ ಸರ್ಕಾರ 2015ರಿಂದ ನಡೆಸುತ್ತಿದೆ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿವೆ, ಎಲೆಕ್ಟ್ರಿಕ್ ವಾಹನದ ಕೋರ್ಸ್ ಅಲ್ಲಿಗೂ ಬಂದಿದೆ. ವೈರಿಂಗ್ ಕೆಲಸವನ್ನು ಸ್ವಂತ ಹೆಸರಿನಲ್ಲಿ ಹಿಡಿಯಬೇಕೆಂದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಗುತ್ತಿಗೆದಾರರ ಪರವಾನಗಿ ಪಡೆಯಬೇಕು. ಬಿಇ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಎಲ್ಲಿಂದಲೋ ಮಾದರಿ ಕೊಂಡು ತಂದು ತೋರಿಸುವ ಬದಲು, ತಮ್ಮೂರಿನ ಒಂದು ಬೀದಿ, ಒಂದು ಟಿ.ಸಿ. ಹಿಡಿದು ಹಗಲು–ಸಂಜೆಯ ಹೊರೆ ಅಳೆದು, ಚಾವಣಿ ಲೆಕ್ಕ ಹಾಕಿ ವರದಿ ಮಾಡಲಿ. ಪುರಸಭೆಗೂ ಸೆಸ್ಕ್‌ಗೂ ಅದು ಉಪಯೋಗಕ್ಕೆ ಬರುತ್ತದೆ, ಸಂದರ್ಶನದಲ್ಲಿ ಹೇಳಲು ನಮಗೂ ಒಂದು ನಿಜವಾದ ಮಾತು ಇರುತ್ತದೆ.

ಕಣದಲ್ಲಿ ರಾಶಿ ಹಾಕಿಕೊಂಡ ರೈತ ಗಾಳಿಗೆ ಕಾಯುತ್ತಾನೆ, ಗಾಳಿ ಬಂದ ಕೂಡಲೇ ತೂರಿಕೊಳ್ಳುತ್ತಾನೆ. ಗಾಳಿಯನ್ನು ಕೊಂಡು ತಂದು ತೂರುವುದಿಲ್ಲ. ಅರಸೀಕೆರೆಯಿಂದ ಬೇಲೂರಿನವರೆಗಿನ ಅಂಗಡಿ, ಹೋಟೆಲು, ಮಂಡಿಗಳ ಚಾವಣಿಯ ಮೇಲೆ ದಿನವೂ ಬಿಸಿಲು ಬಿದ್ದು ಹೋಗುತ್ತಿದೆ, ಅದರ ಕೆಳಗೇ ವಾಹನಗಳು ನಿಂತಿವೆ. ಇವೆರಡರ ನಡುವೆ ಎಳೆಯಬೇಕಾದ ತಂತಿ ಕೆಲವೇ ಅಡಿ ಉದ್ದದ್ದು. ಅದನ್ನು ಎಳೆಯುವುದನ್ನು ನಾವು ಕಲಿಯೋಣ.